ಕಪಾಟಿನ ಬಾಗಿಲ ಸ್ಟಿಕ್ಕರ್

ಇವತ್ತು ರಜೆ. ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟು, ಸಾಸಿವೆ ಡಬ್ಬಿಗೆಂದು ಕಪಾಟಿನ ಬಾಗಿಲು ತೆರೆದವನು ಸಾಸಿವೆಯನ್ನೇ ಮರೆತು ನಿಂತುಬಿಟ್ಟೆ. ಎಣ್ಣೆ ಹೊಗೆಯಾಡಿತು. ಆಡಲಿ ಬಿಡಿ, ಮೊದಲು ನಿಮಗೆ ಈ ಬಾಗಿಲಿನ ವಿಷಯ ಹೇಳಬೇಕು.

ಹೊಸ ಪಾತ್ರೆ ಬಂದರೆ ತೆಂಗಿನೆಣ್ಣೆ ಸವರಿ ಸ್ಟಿಕ್ಕರ್ ಬಿಡಿಸುವುದು ನಮ್ಮ ಅಮ್ಮನ ಕ್ರಮ. ಬಿಡಿಸಿದ್ದನ್ನು ಎಸೆಯುವುದಿಲ್ಲ, ಹಣೆಯ ಬೊಟ್ಟನ್ನು ಕನ್ನಡಿಗೆ ಅಂಟಿಸಿದ ಹಾಗೆ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸುವುದು. ಯಾಕೆಂದು ಅಮ್ಮನಿಗೂ ಗೊತ್ತಿರಲಿಲ್ಲ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯಲ್ಲಿ ಹೋಟೆಲಿನ ಒಲೆಯೆದುರು ನಿಂತವನು. ಈಗ ಕಡಲು ದಾಟಿ ಬಂದು, ಮ್ಯಾನ್‌ಹಟನ್ ಹತ್ತಿರದ ಬೆಲ್‌ರೋಸ್‌ನಲ್ಲಿ ದೋಸೆ ಹೊಯ್ಯುತ್ತೇನೆ. ಶಾಲೆಯಲ್ಲಿ ಕಲಿತದ್ದು ಕಡಿಮೆ, ಅಮ್ಮನಿಂದ ಕಲಿತದ್ದನ್ನು ಮಾತ್ರ ಒಂದೂ ಬಿಟ್ಟಿಲ್ಲ, ಇಲ್ಲಿನ ನನ್ನ ಕಪಾಟಿನ ಬಾಗಿಲಿಗೂ ಸ್ಟಿಕ್ಕರುಗಳೇ. ಕೆಟ್ಟ ಮಿಕ್ಸಿ, ಗ್ರೈಂಡರುಗಳನ್ನೂ ಬಿಚ್ಚಿ ಸರಿ ಮಾಡುತ್ತೇನೆ. ಆ ಹೆಮ್ಮೆಯೇ ಕೆಡಿಸಿತು.

ಎರಡು ವರ್ಷದ ಹಿಂದೆ ಪಿಸ್ಕಾಟವೇ ಊರಿನಿಂದ ನನ್ನ ಅಕ್ಕ ತನ್ನ ಇ-ರೀಡರ್ ತಂದುಕೊಟ್ಟಳು. ಕೆಲಸಕ್ಕೆ ಮ್ಯಾನ್‌ಹಟನ್‌ಗೆ ಹೋಗಿಬರುವ ಟ್ರೇನಿನಲ್ಲಿ ಅವಳು ಪುಸ್ತಕ ಓದುತ್ತಿದ್ದದ್ದು ಅದರಲ್ಲೇ. ಓದುತ್ತ ಮನಸ್ಸಿಗೆ ಬಂದದ್ದನ್ನೂ ಅದರಲ್ಲೇ ಬರೆದಿಡುತ್ತಿದ್ದಳು. ಆರು ವರ್ಷದ ಬರಹ. ಬೇರೆಲ್ಲೂ ಪ್ರತಿ ಇಲ್ಲ.

"ಪುಟ ತಿರುಗುವಾಗ ಸಿಕ್ಕಿಹಾಕ್ಕೊಳ್ತದೆ ಮಾರಾಯ. ಆದ್ರೆ ಒಳಗಿದ್ದದ್ದು ಹೋಗ್ಬಾರ್ದು, ಆಯ್ತಾ?"

"ಗ್ರೈಂಡರನ್ನೇ ಬಿಟ್ಟಿಲ್ಲ ನಾನು, ಇದೆಂತ ಮಹಾ!"

ಮೊದಲು ಮಾಡಿದ್ದೇನು ಗೊತ್ತೇ? ಬೆನ್ನ ಮೇಲಿದ್ದ ಕೊಳಕು ಸ್ಟಿಕ್ಕರನ್ನು ಎಣ್ಣೆ ಹಚ್ಚಿ ಬಿಡಿಸಿ ಫಳಫಳ ಮಾಡಿದೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಸಾಫ್ಟ್‌ವೇರ್ ತುಂಬಿದೆ. ಪರದೆ ಬೂದಿಯ ಬಣ್ಣಕ್ಕೆ ತಿರುಗಿ ಸತ್ತಂತೆ ನಿಂತಿತು. ನೋಡಲು ಒಂದೇ ಥರ ಇರುವ ಆ ರೀಡರು ಎರಡು ವರ್ಷನ್‌ಗಳಲ್ಲಿ ಬಂದಿದೆ, ಒಂದರದ್ದು ಇನ್ನೊಂದಕ್ಕೆ ಆಗದು, ಯಾವುದು ಯಾವುದೆಂದು ಬರೆದಿರುವುದು ಬೆನ್ನಿನ ಸ್ಟಿಕ್ಕರಿನಲ್ಲಿ ಮಾತ್ರ ಎಂದು ಆಮೇಲೆ ಅಕ್ಷರ ಕೂಡಿಸಿಕೊಂಡು ಓದಿದೆ. ಮತ್ತೊಮ್ಮೆ ತಪ್ಪಿದರೆ ಒಳಗಿದ್ದದ್ದೂ ಅಳಿಸಿಹೋಗಬಹುದಂತೆ. ಕಸದ ಡಬ್ಬವನ್ನೆಲ್ಲ ತಡಕಿದೆ. ಸ್ಟಿಕ್ಕರ್ ಇಲ್ಲ!

ಅಕ್ಕನಿಗೆ, "ಹಳತಲ್ವಾ ಅಕ್ಕ, ತನ್ನಷ್ಟಕ್ಕೇ ಹೋಯ್ತು" ಎಂದೆ.

ಅವಳು, "ಹೋಗ್ಲಿ, ನೀನಾದ್ರೂ ಎಂತ ಮಾಡ್ತಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳ ಮನೆಯ ಊಟ ರುಚಿಸುತ್ತಿರಲಿಲ್ಲ. ಎರಡೆರಡು ಸಲ ಬಡಿಸಿಕೊಂಡದ್ದೂ ನಿಜ ಅನ್ನಿ.

ಇವತ್ತು ಬಾಗಿಲು ತೆರೆದರೆ ಕುಕ್ಕರಿನ ದೊಡ್ಡ ಸ್ಟಿಕ್ಕರ್ ಒಣಗಿ ಉದುರಿದೆ. ಅದರ ಅಡಿಯಲ್ಲಿ ಬೆರಳಗಲದ ಇನ್ನೊಂದು! ರೀಡರಿನದ್ದು! ಕೈ ತನ್ನ ಅಭ್ಯಾಸದಂತೆ ಅಂಟಿಸಿ, ಆಮೇಲೆ ಕುಕ್ಕರಿನದ್ದನ್ನು ಅದರ ಮೇಲೆಯೇ ಬಡಿದಿತ್ತು, ತಲೆಗೆ ತಿಳಿಸಿರಲಿಲ್ಲ. ಕನ್ನಡಕ ಹಾಕಿದೆ, ಟಾರ್ಚಿನ ಬೆಳಕು ಬಿಟ್ಟೆ. ಎರಡು! ಎರಡನೆಯ ವರ್ಷನ್! ನಾನು ತುಂಬಿದ್ದು ಒಂದನೆಯದರ ಸಾಫ್ಟ್‌ವೇರ್. ಒಲೆ ಆರಿಸಿ ಓಡಿದೆ. ಎರಡು ವರ್ಷದಿಂದ ನನ್ನ ಪೆಟ್ಟಿಗೆಯಲ್ಲೇ ಬಿದ್ದಿದ್ದ ರೀಡರನ್ನು ಚಾರ್ಜಿಗೆ ಹಾಕಿದೆ, ಸರಿಯಾದ ಸಾಫ್ಟ್‌ವೇರ್ ಹುಡುಕಿ ತುಂಬಿದೆ, ಗುಂಡಿ ಒತ್ತಿ ಹಿಡಿದೆ. ಪರದೆ ಒಮ್ಮೆ ಕಪ್ಪಾಯಿತು, ಒಮ್ಮೆ ಬಿಳಿಯಾಯಿತು, ಆಮೇಲೆ ಅಕ್ಷರಗಳು ಒಟ್ಟಿಗೇ ಎದ್ದು ನಿಂತವು! ಅಡುಗೆಮನೆಯಲ್ಲಿ ಒಬ್ಬನೇ ಕುಣಿದೆ. ಅಕ್ಕ ಕೊನೆಗೆ ಓದಿದ ಪುಟ ಅದು. ಕೆಳಗೆ ಅವಳೇ ಬರೆದ ಸಾಲು: 'ಇದನ್ನು ತಮ್ಮನಿಗೆ ಓದಿ ಹೇಳಬೇಕು. ನಗುತ್ತಾನೆ.'

ನಾನೇ ಸರಿ ಮಾಡಿದೆ ಎಂದು ಮೆರೆಯುವ ಆಸೆ ಒಂದು ಕ್ಷಣ ಬಂದಿತ್ತು. ಆ ಸಾಲು ಓದಿದ ಮೇಲೆ ಅದು ಇಳಿದುಹೋಯಿತು. ಸಂಜೆ ಅವಳು ಮನೆಗೆ ಹೊರಟು ಟ್ರೇನಿನಲ್ಲಿ ಕೂತಿರುವ ಹೊತ್ತು ನೋಡಿ ಫೋನ್ ಮಾಡಿದೆ.

"ಅಕ್ಕಾ, ಜೀವ ಬಂತು!"

"ಯಾರಿಗೆ?"

ಎಲ್ಲ ಹೇಳಿದೆ. ಎಣ್ಣೆ, ಸ್ಟಿಕ್ಕರ್, ಸುಳ್ಳು.

"ಸ್ಟಿಕ್ಕರ್ ತೆಗೀಲಿಕ್ಕೆ ಅಮ್ಮ ಕಲಿಸಿದ್ದು, ಸರಿ. ಸುಳ್ಳು ಯಾರು ಕಲಿಸಿದ್ದು?"

ನಾನು ರೀಡರಿನ ಬೋಳು ಬೆನ್ನನ್ನು ಅಂಗಿಯ ತುದಿಯಿಂದ ಒರೆಸಿದೆ.

"ಯಾವ ಪುಟ ಕಾಣ್ತಾ ಉಂಟು?"

"ನನಗೆ ಓದಿ ಹೇಳ್ಬೇಕು ಅಂತ ಬರ್ದಿದ್ದಿಯಲ್ಲ, ಅದೇ."

"ಹಾಗಾದ್ರೆ ನೀನೇ ಓದು. ನೆವಾರ್ಕ್ ಸ್ಟೇಶನ್ ಬರುವವರೆಗೆ ಕೇಳ್ತೇನೆ."

ಏಳನೆಯ ಕ್ಲಾಸಿನ ಹುಡುಗನ ಹಾಗೆ ಬೆರಳಿಟ್ಟು, ತಡವರಿಸುತ್ತ ಓದಿದೆ. ಎಲ್ಲೋ ಒಂದು ಕಡೆ ಅಕ್ಕ ಜೋರಾಗಿ ನಕ್ಕಳು. ಅಕ್ಷರಗಳ ಹಿಂದೆ ಬಿದ್ದಿದ್ದ ನನಗೆ ಅದು ಅರ್ಥವಾದದ್ದು ಒಂದು ಸಾಲು ದಾಟಿದ ಮೇಲೆ. ಆಗ ನಾನೂ ನಕ್ಕೆ.