ಹಂಚಿನ ಮೇಲೆ ಹತ್ತಿದ ರೌಟರ್

ನಮ್ಮ ಮಾವ ರೌಟರನ್ನು ಎದೆಗವಚಿಕೊಂಡು ಮನೆಯ ಹಂಚಿನ ಮೇಲೆ ಕೂತ ದೃಶ್ಯ ಈಗಲೂ ಒಗ್ಗರಣೆ ಹಾಕುವಾಗ ಥಟ್ಟನೆ ಕಣ್ಣೆದುರು ಬರುತ್ತದೆ. ಸಾಸಿವೆ ಸೀದುಹೋಗುತ್ತದೆ.

ವೈಫೈ ಹಾಕಿಸಿದ್ದು ನಾನು ಮನೆಯಿಂದಲೇ ಮಕ್ಕಳಿಗೆ ಪಾಠ ಹೇಳಲೆಂದು. ಮರುದಿನವೇ ಅದು ಮಾವನದಾಯಿತು. ಅವರಿಗೆ ಹೋರಿ ಹಬ್ಬದ ವಿಡಿಯೋಗಳ ಹುಚ್ಚು. ಕೊಬ್ಬರಿ ಹಾರ ಹಾಕಿದ ಹೋರಿ ಜನರ ನಡುವೆ ನುಗ್ಗಿ ಓಡುವುದನ್ನು ತಮ್ಮ ಹೋರಿಯ ಪಕ್ಕದಲ್ಲೇ ಕೂತು ನೋಡಬೇಕು. ರೌಟರ್ ಇದ್ದದ್ದು ನಡುಮನೆಯಲ್ಲಿ. ಹಿತ್ತಲಿನ ಕೊಟ್ಟಿಗೆಯಲ್ಲಿ ಸಿಗ್ನಲ್ ಸಾಲದೆ, ಮೊಬೈಲಿನ ಹೋರಿ ಕಾಲೆತ್ತಿದಲ್ಲೇ ನಿಂತುಬಿಡುತ್ತಿತ್ತು.

“ಎತ್ತರ ಸಾಲ್ದು, ಅಷ್ಟ,” ಎಂದರು ಮಾವ. ಟಿವಿ ಆಂಟೆನಾದ ಕಾಲದಲ್ಲಿ ಇಡೀ ಓಣಿಗೆ ಆಂಟೆನಾ ತಿರುಗಿಸಿಕೊಟ್ಟವರು ಅವರು.

ನನ್ನ ಗಂಡ ಶಿರಾಳಕೊಪ್ಪದ ಅಂಗಡಿಗೆ ಹೋಗಿದ್ದರು. ಮಧ್ಯಾಹ್ನ ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಮಾವ ರೌಟರಿನ ಜೊತೆ ಎಕ್ಸ್‌ಟೆನ್ಷನ್ ಬಾಕ್ಸನ್ನೂ ಸುರುಳಿ ಸುತ್ತಿಟ್ಟಿದ್ದ ಕೇಬಲ್ಲನ್ನೂ ಎಳೆದುಕೊಂಡು ಏಣಿ ಹತ್ತಿ ಆಗಿತ್ತು.

“ಕೊಟ್ಟಿಗ್ಯಾಗ ನಿಂತು ಮೊಬೈಲ್ ನೋಡವ್ವ! ಬಂತೇನು?”

“ಇಲ್ಲ ಮಾವ, ಇಳೀರಿ!”

“ಇಲ್ಲಾಂದ್ರ ಹೆಂಗ್ ಇಳೀಲಿ?” ಎನ್ನುತ್ತ ಇನ್ನೆರಡು ಹಂಚು ಮೇಲೇರಿದರು. ಕಾಲ ಕೆಳಗೆ ಒಂದು ಹಂಚು ಜಾರಿ ಹಿತ್ತಲಿಗೆ ಬಿದ್ದು ಒಡೆಯಿತು.

ಆಗ ಕೊಟ್ಟಿಗೆಯ ಬಾಗಿಲಿಂದ ನೋಡಿದೆ. ಅವರ ತಲೆಯಿಂದ ಒಂದು ಮೊಳ ದೂರದಲ್ಲಿ ಕಬ್ಬಿಣದ ಪೈಪು. ಕಂಬದಿಂದ ಮನೆಗೆ ಬರುವ ಕರೆಂಟಿನ ತಂತಿ ಅದರ ತುದಿಯಲ್ಲೇ ಇತ್ತು. ಬಿಸಿಲಿಗೆ ತಂತಿಯ ಸಿಪ್ಪೆ ಸುಲಿದು ಒಳಗಿನ ಲೋಹ ಹೊಳೆಯುತ್ತಿತ್ತು. ಓದಿದ ಬುದ್ಧಿಯನ್ನೆಲ್ಲ ಒಟ್ಟುಗೂಡಿಸಿ ಸುಳ್ಳು ಹೇಳಿದೆ: “ಬಂತು ಮಾವ! ಚೆನ್ನಾಗಿ ಬಂತು, ಇಳ್ದ್ ಬನ್ನಿ!”

“ಬಂತಾ? ಹಂಗಾದ್ರ ಇಲ್ಲೇ ಕಟ್ತೀನಿ ತಡಿ,” ಎಂದು ಸೊಂಟಕ್ಕೆ ಸುತ್ತಿಕೊಂಡಿದ್ದ ದಾರ ತೆಗೆದು ಆ ಪೈಪಿನ ಕಡೆಗೇ ಕೈಚಾಚಿದರು.

ಅಷ್ಟರಲ್ಲಿ, ಹಂಚು ಒಡೆದ ಸದ್ದಿಗೆ ಹಿತ್ತಲಿಗೆ ಬಂದಿದ್ದ ಅತ್ತೆ ಒಳಗೆ ಓಡಿ ಮೇನ್ ಸ್ವಿಚ್ ಎಳೆದು ಹೊರಬಂದು, “ಕರೆಂಟ್ ತೆಗ್ದೀನ್ರೀ, ಇನ್ನ್ ಆರಾಮ ಕಟ್ರಿ!” ಎಂದರು.

ಮೇನ್ ಸ್ವಿಚ್ ತೆಗೆದರೆ ಮನೆಯೊಳಗಿನ ಕರೆಂಟ್ ಹೋಗುತ್ತದೆಯೇ ಹೊರತು ಕಂಬದಿಂದ ಬರುವ ಆ ತಂತಿಯದಲ್ಲ. “ಅದರಲ್ಲಿ ಇನ್ನೂ ಇದೆ! ಮುಟ್ಟಬೇಡಿ!” ಎಂದು ಕಿರುಚಿದೆ. ಮಾವ ನನ್ನ ಮಾತು ಕೇಳಲಿಲ್ಲ. ಅವರು ರೌಟರನ್ನೇ ನೋಡುತ್ತಿದ್ದರು. ಅದರ ದೀಪಗಳೆಲ್ಲ ಆರಿದ್ದವು.

“ಏನ್ ಮಾಡಿದ್ಯೇ? ಕಟ್ಟಿದ್ ಮ್ಯಾಲ ಇನ್ನೊಂದ್ಸಲ ಬಂತೇನು ಅಂತ ಕೇಳ್ಬೇಕಲ್ಲ? ಲೈಟ ಇಲ್ಲ, ಏನ್ ಕಟ್ಲಿ?”

ಬಂತೇ ಎಂದು ಕೇಳದೆ ಕಟ್ಟಿ ಬಿಡುವುದು ಆಂಟೆನಾದವರ ಪದ್ಧತಿಯಲ್ಲ. ಬೈಯುತ್ತಲೇ ಇಳಿದರು. ನಾನು ಹುಲ್ಲಿನ ಮೇಲೆ ಕೂತೆ. ಹೋರಿ ನನ್ನ ಸೆರಗನ್ನು ಮೇಯತೊಡಗಿತು.

ಅತ್ತೆ ಮತ್ತೆ ಕರೆಂಟ್ ಹಾಕಿ, ರೌಟರನ್ನು ಕೊಟ್ಟಿಗೆಯ ಕಡೆಗಿರುವ ಅಡುಗೆಮನೆ ಕಿಟಕಿಯಲ್ಲಿಟ್ಟರು. ಮೊಬೈಲಿನ ಹೋರಿ ಸಲೀಸಾಗಿ ಓಡಿತು. ಮಾವ ಪೂರ್ತಿ ನೋಡಿ ಮುಗಿಸಿ ನನ್ನ ಕಡೆ ತಿರುಗಿದರು.

“ಅಡ್ಡಿಯಿಲ್ಲ. ಆದ್ರ ಮ್ಯಾಲಿದ್ದಾಗ ಇನ್ನೂ ಚೊಲೋ ಬಂದಿತ್ತು. ನೀನ ಅಂದ್ಯಲ್ಲವ್ವ?”

ಏಣಿ ಈಗ ಪಕ್ಕದ ಮನೆಯವರ ಹತ್ತಿರವಿದೆ. ಮಾವನ ಕೈಗೆ ಸಿಗದಿರಲೆಂದು ನಾನೇ ಕೊಟ್ಟು ಬಂದೆ.