ಗಡಿಯಾರದಂಗಡಿ ಮಾವನ ಹಸಿರು ಜೀಪು

ನಮ್ಮ ಬೀದಿಯ ಗಡಿಯಾರದಂಗಡಿ ಮಾವನಿಗೆ ಹಳೆಯ ಆಟಿಕೆ ಗಾಡಿ ಕೂಡಿಡುವ ಹುಚ್ಚು; ಅವರ ಕೈಗೆ ಅಂಥ ಜೀಪು ಕೊಟ್ಟವರು ಉಸಿರು ಬಿಗಿಹಿಡಿದೇ ನಿಲ್ಲಬೇಕು. ಅವರು ಮೊದಲು ಅದನ್ನು ಮಗುಚುತ್ತಾರೆ, ಮಸೂರ ಕಣ್ಣಿಗೇರಿಸಿ ತಳದ ಅಕ್ಷರ, ರಿವೆಟ್ಟು, ಕೊನೆಗೆ ಚಕ್ರ ನೋಡುತ್ತಾರೆ. “ಬಾಡಿ ಅಸಲಿ, ಚಕ್ರ ಬೇರೆ ಗಾಡೀದು” ಎಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ಸ್ವಂತ ತಮ್ಮನಿಗೂ ದಾಕ್ಷಿಣ್ಯ ತೋರಿಸಿದವರಲ್ಲ. ಮೊನ್ನೆ ಅವರ ಬೀರುವಿನಲ್ಲಿದ್ದ ಹಸಿರು ಜೀಪನ್ನು ಮಗುಚಲು ಹೋದೆ. ತಟ್ಟನೆ ನನ್ನ ಮಣಿಕಟ್ಟು ಹಿಡಿದರು. ಅದರ ಚಕ್ರ ಬೇರೆ ಗಾಡಿಯದೆಂದು ನನಗೇ ಕಾಣುತ್ತಿತ್ತು. “ಮುಟ್ಟೋಕೂ ಬಿಡಲ್ಲ ನೋಡು,” ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. “ಮದುವೆಯಾದ ವರ್ಷ ನಾನೇ ಹುಡುಕಿ ತಂದುಕೊಟ್ಟಿದ್ದು. ಇವರ ಹತ್ರ ಇರೋದ್ರಲ್ಲೆಲ್ಲ ಅದೇ ಅಪರೂಪದ್ದಂತೆ.” “ಹೌದು, ಅಂಥದ್ದು ಇನ್ನೊಂದಿಲ್ಲ,” ಎಂದರು ಮಾವ, ನನ್ನ ಮಣಿಕಟ್ಟು ಬಿಡದೆ.