ಅನ್ನವ್ವ ಬೂದಿ ಹಚ್ಚಿದ ಕ್ಯಾಮೆರಾ

ನಮ್ಮೂರ ಅಂಚೆ ಕಚೇರಿ ಇರುವುದು ಪಂಚಾಯಿತಿ ಕಟ್ಟಡದ ಬದಿಯ ಕೋಣೆಯಲ್ಲಿ. ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಹದಿನಾಲ್ಕು ವರ್ಷದಿಂದ ಅಲ್ಲಿ ಕುಳಿತು ಕಾಗದಕ್ಕೆ ಮುದ್ರೆ ಒತ್ತುತ್ತಿರುವ ನನಗೆ ಆಚೆ ಯಾರು ದನಿ ಏರಿಸಿದರು, ಯಾರು ಇಳಿಸಿದರು ಎಂಬುದೆಲ್ಲ ಕೂತಲ್ಲೇ ತಿಳಿಯುತ್ತದೆ. ಏರಿಸಿದವರು ಬಹಳ ಮಂದಿ. ಏರಿಸಿದ ದನಿಯನ್ನು ಇಳಿಸದೆ ಹೊರಗೆ ಬಂದವಳು ನಾನು ಕಂಡಂತೆ ಒಬ್ಬಳೇ, ಅನ್ನವ್ವ.

ಅವಳಿಗೆ ಈಗ ನಲವತ್ತಾರು. ತವರು ಅಣ್ಣಿಗೇರಿ, ಓದಿದ್ದು ಏಳನೆಯ ಇಯತ್ತೆ. ಉದ್ಯೋಗ ಖಾತರಿ ಕೆಲಸದಲ್ಲಿ ಅವಳು ಕಾಯಕ ಬಂಧು, ಅಂದರೆ ಕೆರೆಯ ಹೂಳು ತೆಗೆಯುವ ಮೂವತ್ತು ಹೆಂಗಸರ ಮುಂದಾಳು. ದಿನಕ್ಕೆ ಎರಡು ಸಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು, ಫೋನಿನಿಂದಲೇ ಸರಕಾರಕ್ಕೆ ಕಳಿಸಬೇಕು. ಫೋಟೋದಲ್ಲಿ ಮುಖ ಕಂಡರೆ ಹಾಜರಿ. ಕಾಣದಿದ್ದರೆ, ಬುಟ್ಟಿ ಹೊತ್ತು ಸೊಂಟ ಮುರಿದರೂ ಗೈರುಹಾಜರಿ. ಈ ನಿಯಮ ಮಾಡಿದವರು ಒಂದೇ ಒಂದು ದಿನ ಎರೆಮಣ್ಣಿನ ಹೂಳು ಹೊತ್ತಿದ್ದಾರೆಂದು ಯಾರಾದರೂ ತೋರಿಸಿದರೆ ನನ್ನ ಮುದ್ರೆಯನ್ನು ಅದೇ ಕೆರೆಗೆ ಎಸೆದುಬಿಡುತ್ತೇನೆ.

ಅನ್ನವ್ವನ ಫೋನು ಇರುತ್ತಿದ್ದುದು ಸೊಂಟಕ್ಕೆ ಸಿಕ್ಕಿಸಿದ ಎಲೆ-ಅಡಿಕೆಯ ಸಂಚಿಯಲ್ಲಿ. ಎಲೆ, ಸುಣ್ಣದ ಡಬ್ಬಿ, ಅಡಿಕೆ ಕತ್ತರಿಸುವ ಅಡಕೊತ್ತು, ಇವುಗಳ ನಡುವೆ ಸರಕಾರದ ಹಾಜರಿ. ಬೇರೆಡೆ ಇಟ್ಟರೆ ಕಳೆದುಹೋದೀತೆಂಬ ಭಯ. ಎರಡು ವರ್ಷದಲ್ಲಿ ಅಡಕೊತ್ತು ಕ್ಯಾಮೆರಾದ ಗಾಜನ್ನು ಗೀರಿ ಗೀರಿ ಹಾಕಿತು. ಫೋಟೋ ಮಸುಕಾಗತೊಡಗಿತು.

ತವರಿನಲ್ಲಿ ಕಂದೀಲಿನ ಗಾಜು ಬೆಳಗುವ ಕೆಲಸ ಅವಳದೇ ಆಗಿತ್ತು. ಸಗಣಿ ಕುಳ್ಳಿನ ಬೂದಿ, ಹಳೆಯ ಧೋತರದ ಚೂರು, ಅಷ್ಟಿದ್ದರೆ ಯಾವ ಗಾಜಾದರೂ ಹೊಳೆಯುತ್ತದೆ ಎಂಬುದು ಅವಳ ನಂಬಿಕೆ. ಒಂದು ರವಿವಾರ ಒಲೆಯ ಮುಂದೆ ಕುಳಿತು ಕ್ಯಾಮೆರಾಕ್ಕೆ ಬೂದಿ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದಳು. ಗೀರುಗಳ ನಡುವೆ ಉಳಿದಿದ್ದ ಅಷ್ಟಿಷ್ಟು ತಿಳಿಗಾಜೂ ಹಾಲಿನ ಬಣ್ಣಕ್ಕೆ ತಿರುಗಿತು. ಗಂಡ ಮಡಿವಾಳೆಪ್ಪ ಅದನ್ನು ನೋಡಿ, "ಅಗದಿ ಚಂದ ಬೆಳಗಿದಿ ಬಿಡು. ಇನ್ನ ಬತ್ತಿ ಹಾಕಿ ಹಚ್ಚೂಣು" ಅಂದನಂತೆ.

ಆದರೂ ಅವಳು ಮರುದಿನದಿಂದ ಅದೇ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದಳು. ಯಾಕೆಂದರೆ ಅವಳಿಗೆ ಎಲ್ಲರೂ ಕಾಣುತ್ತಿದ್ದರು. ಸೊಂಟದ ಮೇಲೆ ಕೈ ಇಟ್ಟು ನಿಂತವಳು ರಜಿಯಾಬಿ, ಎಡಗಾಲಿಗೆ ಭಾರ ಹಾಕಿ ವಾಲಿದವಳು ಹಸೀನಾಬಿ, ಬುಟ್ಟಿಯನ್ನು ಕೆಳಗಿಡದವಳು ರೋಹಿಣಿ. ಆರು ವರ್ಷ ಜೊತೆಗೆ ಮಣ್ಣು ಹೊತ್ತವರನ್ನು ಗುರುತಿಸಲು ಅವಳಿಗೆ ಮೂಗು-ಕಣ್ಣು ಬೇಕಿರಲಿಲ್ಲ. ಸರಕಾರಕ್ಕೆ ಬೇಕಿತ್ತು.

ಶನಿವಾರ ಸಂಜೆ ಪಂಚಾಯಿತಿಯ ಕಂಪ್ಯೂಟರ್ ಮುಂದೆ ಕೂರುವ ಕಾಶಿನಾಥ ಅವಳನ್ನು ಕರೆಸಿದ. "ಅಕ್ಕಾ, ವಾರದ ಹಾಜರಿ ಪೂರಾ ತಿರಸ್ಕಾರ ಆಗೇತ್ರಿ. ಆರೂ ದಿನ. ಒಂದ ಮಾರಿನೂ ಕಾಣವಲ್ದು. ಹೊಸಾ ಫೋನ್ ತಗೋರಿ."

"ಮುಂದಿಂದಕ್ಕ ತಗೊಂತೇನಿ. ಆರು ದಿನ ಹೊತ್ತ ಮಣ್ಣು ಎಲ್ಲಿ ಹೋತು?"

"ನಾನೇನ ಮಾಡ್ಲಿ ಅಕ್ಕಾ? ಫೋಟೋದಾಗ ಇಲ್ಲಂದ್ರ ಬಂದಿಲ್ಲಂತ ಅರ್ಥ."

ಅನ್ನವ್ವ ಅಲ್ಲಿಂದ ನೇರ ಗುಡಗೇರಿಯ ಬಸ್ಸು ಹತ್ತಿದಳು. ಸ್ಟೇಶನ್ ರಸ್ತೆಯಲ್ಲಿ ರಸೂಲಸಾಬ ಎಂಬ ಮುದುಕ ಮೊದಲು ಕೈಗಡಿಯಾರಗಳಿಗೆ ಗಾಜು ಕೂರಿಸುತ್ತಿದ್ದ. ಈಗ ಮೊಬೈಲು ರಿಪೇರಿ ಮಾಡುತ್ತಾನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಬೂದಿಯ ಕಥೆ ಕೇಳಿ, ಬಾಯಲ್ಲಿದ್ದ ಚಹಾ ಚೆಲ್ಲುವಷ್ಟು ನಕ್ಕ. "ತಂಗೆವ್ವಾ, ಕ್ಯಾಮೆರಾದ ಒಳಗಿನ ಕಣ್ಣು ಛಲೋ ಐತಿ. ಕೆಟ್ಟಿದ್ದು ಮ್ಯಾಲಿನ ಗಾಜು ಅಷ್ಟ. ಅರ್ಧಾ ಮಂದಿ ಇದ ಗೀರು ಇಟ್ಕೊಂಡ ಅಡ್ಡಾಡತಾರ. ಬೈಕಿನ ಕೀಲಿ ಜೋಡಿ ಕಿಸೇದಾಗ ಹಾಕ್ಕೊಂಡ ಗೀರತಾರ, ಗೊತ್ತಾಗಂಗಿಲ್ಲ." ಬಿಸಿಗಾಳಿ ಹಿಡಿದು ಅಂಟು ಸಡಿಲಿಸಿ, ಸೂಜಿಯ ಮೊನೆಯಿಂದ ಹಾಲುಗಾಜು ಎಬ್ಬಿಸಿ, ಧೂಳು ಊದಿ, ಹೊಸ ಗಾಜು ಕೂರಿಸಿದ. ಅಡಿಕೆ ಹೋಳಿಗಿಂತ ಚಿಕ್ಕ ಗಾಜು. ಅದಕ್ಕಾಗಿ ಮೂವತ್ತು ಮಂದಿಯ ವಾರ ಮುಳುಗಿತ್ತು.

ಫೋನು ಸರಿಯಾಯಿತಲ್ಲ, ಆದದ್ದು ಆಯಿತು, ಇನ್ನು ಮುಂದೆ ನೋಡಿಕೊಂಡರಾಯಿತು ಎಂದು ನಾನೂ ಅಂದೆ. ಅನ್ನವ್ವ ನನ್ನನ್ನು ನೋಡಿದ ನೋಟಕ್ಕೆ ಮರುದಿನ ಪೂರಾ ಅವಳ ಎದುರು ಹಾಯಲಿಲ್ಲ.

ಸೋಮವಾರ ಮೂವತ್ತು ಹೆಂಗಸರೂ ಪಂಚಾಯಿತಿಯ ಅಂಗಳಕ್ಕೆ ಬಂದರು. ಬೂದಿ ಹಚ್ಚಿದ್ದು ತಾನೇ ಎಂದು ಅನ್ನವ್ವ ಅಷ್ಟು ಹೊತ್ತಿಗೆ ಎಲ್ಲರಿಗೂ ಹೇಳಿದ್ದಳು. ಬೈದವರು ಬೈದು ಮುಗಿಸಿದ್ದರು. ಮಸುಕು ಫೋಟೋದಲ್ಲಿ ಹೇಗೆ ನಿಂತಿದ್ದರೋ ಹಾಗೇ ಸಾಲು ನಿಂತರು. ನಾನು ಮುದ್ರೆ ಬಿಟ್ಟು ಬಾಗಿಲಿಗೆ ಬಂದೆ.

"ಕಾಶಿನಾಥ, ನಿನ್ನ ಫೋನ್ ತಗೀ. ಇವರ್ದೊಂದು ಫೋಟೋ ಹೊಡಿ" ಅಂದಳು ಅನ್ನವ್ವ.

ಕಾಶಿನಾಥ ಪ್ಯಾಂಟಿನ ಕಿಸೆಯಿಂದ ಫೋನು ಎಳೆದ. ಜೊತೆಗೆ ಬೈಕಿನ ಕೀಲಿಗೊಂಚಲೂ ಬಂತು. ಅನ್ನವ್ವನ ತುಟಿ ಸ್ವಲ್ಪ ಅಲುಗಿದ್ದನ್ನು ನಾನು ಕಂಡೆ. ಫೋಟೋ ತೆಗೆದ. ಅವನ ಕ್ಯಾಮೆರಾದ ಗೀರುಗಳ ಮೇಲೆ ಬಿಸಿಲು ಬಿದ್ದು ಬೆಳಕೆಲ್ಲ ಹರಡಿ, ಮುಖಗಳು ಹಿಟ್ಟಿನ ಉಂಡೆಗಳಾಗಿದ್ದವು. ಅಂಗಿಗೆ ಒರೆಸಿ ಮತ್ತೊಮ್ಮೆ ತೆಗೆದ. ಅದೇ ಉಂಡೆಗಳು.

"ಈ ಮಂದಿ ಇಲ್ಲೆ ಅದಾರೋ, ಇಲ್ಲೋ?" ಅನ್ನವ್ವ ಕೇಳಿದಳು.

"ಅದಾರ್ರಿ."

"ಫೋಟೋದಾಗ ಇಲ್ಲಲ್ಲ. ಅರ್ಜಿ ಬರಿ. ಮಂದಿ ಬಂದಿದ್ರು, ಗಾಜು ಕೆಟ್ಟಿತ್ತು, ಕೆರಿಗೆ ಬಂದು ತಗ್ಗು ಅಳೀರಿ ಅಂತ ಬರಿ. ನಾನು ಬೂದಿ ಹಚ್ಚಿದ್ದೂ ಬರಿ."

ಕಾಶಿನಾಥ ಕೆಟ್ಟವನಲ್ಲ. ದನಿ ತಗ್ಗಿಸಿ ಹೇಳಿದ, "ಅದನ್ನ ಬರದ್ರ ನಿಮ್ಮನ್ನ ತಗದ ಹಾಕತಾರ್ರಿ ಅಕ್ಕಾ."

"ತಗೀಲಿ. ತಪ್ಪು ನಂದು, ಹಾಜರಿ ಅವರ್ದು. ಬರಿ."

ಅವನು ಬರೆದ. ಅವಳು ಸಹಿ ಮಾಡಿದಳು. ಆ ಅರ್ಜಿಯನ್ನು ತಾಲ್ಲೂಕಿಗೆ ಕಳಿಸುವಾಗ ಮುದ್ರೆ ಒತ್ತಿದವನು ನಾನು, ಯಾವತ್ತಿಗಿಂತ ಜೋರಾಗಿ ಒತ್ತಿದೆ. ಮುಂದಿನ ವಾರ ಎಂಜಿನಿಯರ್ ಬಂದು, ಎಷ್ಟು ಮಣ್ಣು ತೆಗೆದಿದ್ದಾರೆಂದು ತಗ್ಗು ಅಳೆದ. ಆರೂ ದಿನದ ಹಾಜರಿ ತಿರುಗಿ ಬಂತು. ಕಾಶಿನಾಥ ಹೇಳಿದ್ದೂ ನಿಜವಾಯಿತು. ಅನ್ನವ್ವನನ್ನು ತೆಗೆದರು.

ಅವಳ ಜಾಗಕ್ಕೆ ಹನುಮೇಶ ಎಂಬವನು ಹೊಸ ಫೋನು ಹಿಡಿದು ಬಂದ. ಅನ್ನವ್ವ ಸಲಿಕೆ ಎತ್ತಿಕೊಂಡು ಕೆರೆಯ ತಗ್ಗಿಗೆ ಇಳಿದಳು. ಹನುಮೇಶ ಹೆಂಗಸರನ್ನು ಸಾಲು ನಿಲ್ಲಿಸಿ ಫೋನು ಎತ್ತಿದ. ಮೊದಲು ಹಸೀನಾಬಿ ಸೆರಗನ್ನು ಮುಖದ ಮೇಲೆ ಗಲ್ಲದವರೆಗೆ ಎಳೆದುಕೊಂಡಳು. ಆಮೇಲೆ ರಜಿಯಾಬಿ, ಆಮೇಲೆ ರೋಹಿಣಿ. ನೋಡುನೋಡುತ್ತ ಸಾಲಿಗೆ ಸಾಲೇ ಸೆರಗು.

"ಮಾರಿ ತೋರಸ್ರಿ!" ಹನುಮೇಶ ಕೂಗಿದ.

"ತೋರಸ್ತೇವಿ" ಅಂದಳು ಹಸೀನಾಬಿ ಸೆರಗಿನೊಳಗಿಂದ. "ಅನ್ನವ್ವನ ಫೋನಿಗೆ."

ಆ ದಿನದ ಹಾಜರಿ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆಯ ತನಕ ಮಣ್ಣು ಹೊತ್ತರು. ಅಂದು ಎರಡು ಹೊತ್ತಿನಲ್ಲೂ ಕಳಿಸಿದ ಫೋಟೋಗಳನ್ನು ಕಾಶಿನಾಥ ನನಗೆ ತೋರಿಸಿದ. ಹೊಸ ಫೋನು, ಒಂದು ಗೀರಿಲ್ಲ. ಸೆರಗಿನ ಅಂಚಿನ ಹೂವುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮುಖ ಒಂದೂ ಇರಲಿಲ್ಲ. ನನಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. ಅದನ್ನು ಮುಚ್ಚಿಡುವುದೇಕೆ?

ಮರುದಿನವೂ ಅದೇ ಸೆರಗು. ಮೂರನೆಯ ದಿನ ಬೆಳಿಗ್ಗೆ ಪಂಚಾಯಿತಿಯವರೇ ಅನ್ನವ್ವನ ಮನೆಗೆ ಹೋಗಿ, ಫೋಟೋ ಇನ್ನು ನೀನೇ ತೆಗೆ ಎಂದು ಹೇಳಿಬಂದರು. ಅವಳು ಕೆರೆಯ ದಂಡೆಯ ಮೇಲೆ ನಿಂತು ಸಂಚಿಗೆ ಕೈ ಹಾಕಿದಳು. ಫೋನು ಈಗ ಒಂದು ಹಳೆಯ ಕಾಲುಚೀಲದೊಳಗೆ ಇತ್ತು. ಅದನ್ನು ಹೊರತೆಗೆದು, ಸೆರಗು ಹೊದ್ದ ಮೂವತ್ತು ಮಂದಿಯ ಕಡೆ ಹಿಡಿದಳು.

"ಮಾರಿ ತೋರಸ್ರಬೇ, ಬಿಸಲ ಏರಾಕತ್ತೇತಿ."